ಎ.ಸಿ. ಹಾಕಿಸಿದರೂ ನಿಲ್ಲದ ಲೇಸರ್

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. 10 ಮೀಟರ್ ಯಟರ್ಬಿಯಂ ಫೈಬರ್ (ಯಟರ್ಬಿಯಂ ಅಯಾನು ಬೆರೆಸಿದ ಗಾಜಿನೆಳೆ) ಮತ್ತು ಅದಕ್ಕೆ ಬೆಳಕಿನ ಶಕ್ತಿ ತುಂಬುವ 976 ನ್ಯಾನೊಮೀಟರಿನ ಪಂಪ್ ಡಯೋಡ್ ಬಳಸಿ ಒಂದು ಫೈಬರ್ ಲೇಸರ್ ಕಟ್ಟಿದ್ದೇನೆ. ಒಂದು ಕಡೆ ಫೈಬರಿನದೇ ಲೂಪ್ ಕನ್ನಡಿ, ಇನ್ನೊಂದು ತುದಿ ನೇರವಾಗಿ ಕ್ಲೀವ್ ಮಾಡಿದ್ದು, ಅಂದರೆ ಚೊಕ್ಕವಾಗಿ ಕತ್ತರಿಸಿದ್ದು. ಪಂಪ್ 1.2 ವ್ಯಾಟ್ ದಾಟಿದರೆ ಲೇಸರ್ ಶುರುವಾಗುತ್ತದೆ. 2.4 ವ್ಯಾಟ್ ಕೊಟ್ಟರೆ ಸುಮಾರು 700 ಮಿಲಿವ್ಯಾಟ್ ಬೆಳಕು ಬರುತ್ತದೆ. ತೊಂದರೆ ಏನೆಂದರೆ, ತರಂಗಾಂತರ ಒಂದು ಕಡೆ ನಿಲ್ಲುವುದಿಲ್ಲ. 1068 ನ್ಯಾನೊಮೀಟರಿನಲ್ಲಿ ಶುರುವಾಗಿ ನಿಧಾನಕ್ಕೆ 1074ರವರೆಗೆ ಸರಿದು, ಥಟ್ಟನೆ ವಾಪಸ್ 1068ಕ್ಕೆ ಬರುತ್ತದೆ. ಸುಮಾರು 5 ಸೆಕೆಂಡಿಗೊಮ್ಮೆ ಇದೇ ಆಟ. ಆಸಿಲೋಸ್ಕೋಪಿನಲ್ಲಿ ನೇರ ಗೆರೆ ಬದಲು ಸೆಕೆಂಡಿಗೆ 30 ಸಾವಿರದಷ್ಟು ಪಲ್ಸ್ ಕಾಣುತ್ತವೆ. ಗೈಡ್ ಸರ್ "ಇದು ಬಿಸಿಲಿನ ಕಾಟ" ಅಂದರು. ಎ.ಸಿ. ಹಾಕಿಸಿದೆವು, ಯುಪಿಎಸ್ ಬದಲಿಸಿದೆವು. ಒಂದಿಷ್ಟೂ ವ್ಯತ್ಯಾಸ ಇಲ್ಲ. ನಾನು ಎಲ್ಲಿ ತಪ್ಪಿದ್ದೇನೆ?

ಉತ್ತರ: ಎ.ಸಿ. ಇರಲಿ ಬಿಡಿ ತಂಗಿ, ನಿಮಗಾದರೂ ಬೇಕಲ್ಲ. ಮೇ ತಿಂಗಳಲ್ಲಿ 43 ಡಿಗ್ರಿ ಸೆಕೆಯಲ್ಲಿ ಕೂತು ಕೂದಲೆಳೆಯಂಥ ಫೈಬರ್ ಬೆಸೆದು ಸ್ಪ್ಲೈಸ್ ಮಾಡುವ ಕಷ್ಟ ನನಗೂ ಗೊತ್ತು. ನಾನು ಬೀದರಿನವನು, ಬಿಸಿಲು ಹೊಸದಲ್ಲ. ಆದರೆ ನಿಮ್ಮ ಲೇಸರ್ ಓಡಾಡುತ್ತಿರುವುದು ಬಿಸಿಲಿಗಲ್ಲ.

ಒಂದು ಸಣ್ಣ ಲೆಕ್ಕ ಹಾಕಿ. ಗಾಜಿನ ಫೈಬರ್ ಒಂದು ಡಿಗ್ರಿ ಬಿಸಿಯಾದರೆ ಅದರೊಳಗೆ ಬೆಳಕು ನಡೆಯುವ ದಾರಿ ಹತ್ತು ಲಕ್ಷಕ್ಕೆ ಸುಮಾರು 7 ಭಾಗದಷ್ಟು ಹೆಚ್ಚುತ್ತದೆ. 1070 ನ್ಯಾನೊಮೀಟರಿಗೆ ಇದು ಡಿಗ್ರಿಗೆ 0.0075 ನ್ಯಾನೊಮೀಟರ್ ಆಯಿತು. ಹಾಗಿದ್ದರೆ 6 ನ್ಯಾನೊಮೀಟರ್ ಸರಿಯಬೇಕೆಂದರೆ ಫೈಬರ್ 800 ಡಿಗ್ರಿ ಬಿಸಿಯಾಗಬೇಕು. ಅದೂ 5 ಸೆಕೆಂಡಿನಲ್ಲಿ. ಆಮೇಲೆ ರೆಪ್ಪೆ ಬಡಿಯುವಷ್ಟರಲ್ಲಿ ತಣ್ಣಗೂ ಆಗಬೇಕು. ಅಷ್ಟು ಕಾದಿದ್ದರೆ ಫೈಬರಿನ ಮೇಲಿನ ಕೋಟಿಂಗ್ ಎಂದೋ ಸುಟ್ಟು ಹೋಗಿ ಲ್ಯಾಬ್ ತುಂಬ ವಾಸನೆ ಬರುತ್ತಿತ್ತು.

ಗೈಡ್ ಸರ್ ಮಾತು ಪೂರ್ತಿ ಸುಳ್ಳೂ ಅಲ್ಲ. ಪಂಪ್ ಡಯೋಡಿಗೆ ಸೆಕೆ ತಾಗುತ್ತದೆ. ಒಂದು ಡಿಗ್ರಿಗೆ ಅದು ಸುಮಾರು 0.3 ನ್ಯಾನೊಮೀಟರ್ ಸರಿಯುತ್ತದೆ. ಯಟರ್ಬಿಯಂ 976ರ ಹತ್ತಿರ ಬೆಳಕು ಹೀರುವ ಪಟ್ಟಿ ತುಂಬಾ ಸಣ್ಣದು. ಡಯೋಡ್ ಅದರಿಂದ ಆಚೆ ಜಾರಿದರೆ ಪವರ್ ಇಳಿಯುತ್ತದೆ. ಆದ್ದರಿಂದ ಡಯೋಡಿನ ಕೂಲರ್ ಆಫ್ ಮಾಡಬೇಡಿ. ಸರಿದಾಟಕ್ಕೂ ಅದಕ್ಕೂ ಸಂಬಂಧ ಇಲ್ಲ, ಅಷ್ಟೇ.

ನೀವು ತಪ್ಪು ಮಾಡಿಲ್ಲ. ಗೊತ್ತಿಲ್ಲದೇ ಒಂದು ಒಳ್ಳೆ ಸೆಲ್ಫ್ ಸ್ವೀಪಿಂಗ್ ಲೇಸರ್ ಕಟ್ಟಿದ್ದೀರಿ. ಅಂದರೆ ಯಾರೂ ತಳ್ಳದೆ, ಯಾವ ಮೋಟಾರೂ ಇಲ್ಲದೆ, ತಾನೇ ತರಂಗಾಂತರ ಬದಲಿಸುತ್ತ ಹೋಗುವ ಲೇಸರ್. ಇದು ಹಳೇ ಕತೆ. 1960ರಲ್ಲಿ ಮೊದಲ ರೂಬಿ ಲೇಸರ್ ಬಂತು. ಅದಾದ ಎರಡು ಮೂರು ವರ್ಷಕ್ಕೇ ರೂಬಿಯ ಬೆಳಕು ಬಿಟ್ಟು ಬಿಟ್ಟು ಬರುವುದನ್ನೂ ಸರಿಯುವುದನ್ನೂ ಜನ ಗಮನಿಸಿದ್ದರು. ಆಮೇಲೆ ಬಹುಪಾಲು ಎಲ್ಲರೂ ಮರೆತರು. 2011ರ ಹೊತ್ತಿಗೆ ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ, ಅದರ ಬೆನ್ನಿಗೇ ಪ್ರಾಗ್‌ನಲ್ಲಿ, ಯಟರ್ಬಿಯಂ ಫೈಬರ್ ಲೇಸರ್‌ಗಳಲ್ಲಿ ಇದೇ ಆಟವನ್ನು ಹತ್ತಿಪ್ಪತ್ತು ನ್ಯಾನೊಮೀಟರಿನವರೆಗೂ ಕಂಡರು. ಆಗಿನಿಂದ ಮತ್ತೆ ಜೀವ ಬಂತು.

ಯಾಕೆ ಸರಿಯುತ್ತದೆ? ಇದನ್ನು ಹೊಲದಲ್ಲಿ ನಿಂತು ನೋಡಿದರೆ ಬೇಗ ತಿಳಿಯುತ್ತದೆ.

ಎರಡು ಕನ್ನಡಿಗಳ ನಡುವೆ ಬೆಳಕು ಹೋಗಿ ಬಂದು ಮಾಡುವಾಗ ನಿಂತ ಅಲೆ ಹುಟ್ಟುತ್ತದೆ. ಕೆಲವು ಜಾಗದಲ್ಲಿ ಬೆಳಕು ಜೋರು, ನಡುವಿನ ಜಾಗದಲ್ಲಿ ಸೊನ್ನೆ. ಮತ್ತೆ ಜೋರು, ಮತ್ತೆ ಸೊನ್ನೆ. ಎರೆ ಹೊಲದಲ್ಲಿ ಕೂರಿಗೆ ಹೊಡೆದ ತೊಗರಿ ಸಾಲಿನ ಹಾಗೆ. ನಿಮ್ಮ ಫೈಬರಿನೊಳಗೆ ಒಂದು ಸಾಲಿಗೂ ಇನ್ನೊಂದಕ್ಕೂ ಅಂತರ 0.37 ಮೈಕ್ರಾನ್. 10 ಮೀಟರಿನಲ್ಲಿ ಸುಮಾರು 2 ಕೋಟಿ 70 ಲಕ್ಷ ಸಾಲು ಕೂರುತ್ತವೆ. ಸಾಲು ಇದ್ದಲ್ಲಿ ಬೆಳಕು ಅಲ್ಲಿನ ಯಟರ್ಬಿಯಂ ಅಯಾನುಗಳ ಶಕ್ತಿಯನ್ನು ಹೀರಿ ತಾನು ಬೆಳೆಯುತ್ತದೆ. ಸಾಲುಗಳ ನಡುವಿನ ಅಯಾನುಗಳನ್ನು ಅದು ಮುಟ್ಟುವುದೇ ಇಲ್ಲ. ಅವು ಪಂಪ್ ಕೊಟ್ಟ ಶಕ್ತಿ ಇಟ್ಟುಕೊಂಡು ಹಾಗೇ ಕೂತಿರುತ್ತವೆ.

ಈಗ ಇನ್ನೊಂದು ಕೂರಿಗೆ ತನ್ನಿ. ಇದರ ಸಾಲಿನ ಅಂತರ ಒಂದೆಳೆ ಜಾಸ್ತಿ. ಎಷ್ಟು ಜಾಸ್ತಿ ಅಂದರೆ, ಇಡೀ ಹೊಲಕ್ಕೆ ಒಂದೇ ಒಂದು ಸಾಲು ಕಡಿಮೆ ಬೀಳುವಷ್ಟು. ಎರಡನ್ನೂ ಒಂದೇ ಬದುವಿನಿಂದ ಹೊಡೆಯಿರಿ. ಬದುವಿನ ಹತ್ತಿರ ಹೊಸ ಸಾಲು ಹಳೇ ಸಾಲಿನ ಮೇಲೇ ಬೀಳುತ್ತದೆ. ಮುಂದೆ ಹೋದ ಹಾಗೆ ಚೂರು ಚೂರೇ ಸರಿಯುತ್ತದೆ. ಹೊಲದ ನಟ್ಟ ನಡುವೆ ಹೊಸ ಸಾಲು ಸರಿಯಾಗಿ ಎರಡು ಹಳೇ ಸಾಲುಗಳ ಮಧ್ಯೆ, ಯಾರೂ ಮುಟ್ಟದ ಮಣ್ಣಿನಲ್ಲಿ ಬೀಳುತ್ತದೆ. ಆಚೆ ಬದುವಿಗೆ ಹೋಗುವಷ್ಟರಲ್ಲಿ ಮತ್ತೆ ಎರಡೂ ಒಂದಾಗುತ್ತವೆ. ಎರಡು ಕನ್ನಡಿಗಳ ನಡುವೆ ಸರಿಯಾಗಿ ಕೂರುವ ಒಂದೊಂದು ತರಂಗಾಂತರಕ್ಕೂ ಮೋಡ್ ಅನ್ನುತ್ತಾರೆ. ಲೇಸರಿನಲ್ಲಿ ಪಕ್ಕದ ಮೋಡ್ ಅಂದರೆ ಇದೇ ಎರಡನೇ ಕೂರಿಗೆ. ಮೊದಲ ಮೋಡ್ ತನ್ನ ಸಾಲಿನ ಮಣ್ಣು ಬಸಿದಿರುತ್ತದೆ. ಪಕ್ಕದ ಮೋಡಿಗೆ ನಡುಹೊಲದ ಹಸಿ ಮಣ್ಣು ಸಿಗುತ್ತದೆ. ಮುಂದಿನ ಪಲ್ಸ್ ಅದರ ಪಾಲು. ಅದೂ ತನ್ನ ಸಾಲು ಬಸಿಯುತ್ತದೆ, ಅದರ ಪಕ್ಕದ್ದಕ್ಕೆ ಬಿಟ್ಟುಕೊಡುತ್ತದೆ. ಹೀಗೇ ಒಂದೊಂದೇ ಹೆಜ್ಜೆ.

ಬಸಿದ ಮಣ್ಣು ಅಷ್ಟರಲ್ಲೇ ತುಂಬಿಕೊಳ್ಳುವುದಿಲ್ಲವಾ? ಇಲ್ಲ. ಯಟರ್ಬಿಯಂ ಅಯಾನಿನ ಮೇಲಿನ ಹಂತದ ಆಯಸ್ಸು ಒಂದು ಮಿಲಿಸೆಕೆಂಡಿಗೆ ಸ್ವಲ್ಪ ಕಡಿಮೆ, 0.85 ಅಂದುಕೊಳ್ಳಿ. ನಿಮ್ಮ ಎರಡು ಪಲ್ಸ್ ನಡುವಿನ ಬಿಡುವು 33 ಮೈಕ್ರೊಸೆಕೆಂಡ್. ಒಂದು ಗುಂಡಿ ತುಂಬುವಷ್ಟರಲ್ಲಿ ಇಪ್ಪತ್ತೈದು ಪಲ್ಸ್ ಆಗಿ ಹೋಗಿರುತ್ತವೆ. ಅಯಾನುಗಳು ಗಾಜಿನಲ್ಲಿ ಗೂಟ ಹೊಡೆದ ಹಾಗೆ ನಿಂತಿರುತ್ತವೆ, ಆಕಡೆ ಈಕಡೆ ಹರಿದು ಗುಂಡಿ ಮುಚ್ಚುವುದಿಲ್ಲ. ಹಾಗಾಗಿ ಲೇಸರಿಗೆ ತಾನು ಎಲ್ಲೆಲ್ಲಿ ಮೇಯ್ದು ಬಂದೆ ಎಂಬ ನೆನಪು ಉಳಿಯುತ್ತದೆ.

ದಿಕ್ಕಿನ ವಿಷಯ ಸ್ವಲ್ಪ ನಾಜೂಕು. ಬರೀ ಮಣ್ಣಿನ ಲೆಕ್ಕ ನೋಡಿದರೆ ಎಡಪಕ್ಕದ ಮೋಡೂ ಬಲಪಕ್ಕದ ಮೋಡೂ ಸಮಾನ. ಆದರೆ ಅಯಾನುಗಳ ಶಕ್ತಿ ಖಾಲಿಯಾದಲ್ಲಿ ಗಾಜಿನ ವಕ್ರೀಭವನಾಂಕವೂ (ಗಾಜು ಬೆಳಕನ್ನು ಎಷ್ಟು ನಿಧಾನ ಮಾಡುತ್ತದೆ ಅನ್ನುವ ಅಳತೆ) ಒಂದು ಕೂದಲಷ್ಟು ಬದಲಾಗುತ್ತದೆ. ಹಾಗಾಗಿ ಫೈಬರಿನೊಳಗೆ ತಾತ್ಕಾಲಿಕ ಗ್ರೇಟಿಂಗ್, ಅಂದರೆ ಸಾಲು ಸಾಲು ಪಟ್ಟೆ, ಒಂದು ಬರೆದುಕೊಳ್ಳುತ್ತದೆ. ಅದು ಎರಡು ಪಕ್ಕಕ್ಕೂ ಒಂದೇ ಥರ ಇರುವುದಿಲ್ಲ. ನಿಮ್ಮಂಥ ಲೇಸರಿನಲ್ಲಿ ಸಾಮಾನ್ಯವಾಗಿ ಉದ್ದ ತರಂಗದ ಕಡೆಗೇ ನಡೆಯುತ್ತದೆ. ಉಲ್ಟಾ ನಡೆದದ್ದನ್ನೂ ಕಂಡಿದ್ದಾರೆ. ನಡೆದು ನಡೆದು ಗೇನ್ (ಬೆಳಕು ಬೆಳೆಸುವ ಶಕ್ತಿ) ಕಡಿಮೆ ಇರುವ ಅಂಚಿಗೆ ಬಂದಾಗ, ಹಿಂದೆ 1068ರ ಹತ್ತಿರ ಅಷ್ಟೊತ್ತಿಗೆ ಎಲ್ಲಾ ಗುಂಡಿ ತುಂಬಿ ಹಸಿರಾಗಿರುತ್ತದೆ. ಲೇಸರ್ ಅಲ್ಲಿಗೇ ಜಿಗಿಯುತ್ತದೆ.

ಈಗ ನಿಮ್ಮ ಅಂಕಿಗಳನ್ನೇ ಇಟ್ಟು ನೋಡೋಣ. ನನಗೆ ನಿಮ್ಮ ಪ್ರಶ್ನೆಯಲ್ಲಿ ಖುಷಿ ಕೊಟ್ಟಿದ್ದು ಇದೇ. 10 ಮೀಟರ್ ಫೈಬರಿನಲ್ಲಿ ಮೋಡ್‌ಗಳ ಅಂತರ ಸುಮಾರು 10 ಮೆಗಾಹರ್ಟ್ಸ್. ತರಂಗಾಂತರದಲ್ಲಿ ಹೇಳಿದರೆ 0.00004 ನ್ಯಾನೊಮೀಟರ್. ಪಲ್ಸಿಗೆ ಒಂದು ಹೆಜ್ಜೆ, ಸೆಕೆಂಡಿಗೆ 30 ಸಾವಿರ ಪಲ್ಸ್. ಗುಣಿಸಿ: ಸೆಕೆಂಡಿಗೆ 1.2 ನ್ಯಾನೊಮೀಟರ್. 6 ನ್ಯಾನೊಮೀಟರ್ ನಡೆಯಲು 5 ಸೆಕೆಂಡ್. ನೀವು ಗಡಿಯಾರ ನೋಡಿ ಬರೆದದ್ದೂ ಅದೇ ಅಲ್ವಾ? ಒಂದೂವರೆ ಲಕ್ಷ ಹೆಜ್ಜೆ, ಒಂದೂ ತಪ್ಪದ ಹಾಗೆ.

30 ಸಾವಿರ ಎಲ್ಲಿಂದ ಬಂತು ಅನ್ನುವುದನ್ನೂ ನೋಡಿ. ನೇರ ಕ್ಲೀವ್ ತುದಿ ನೂರಕ್ಕೆ ಬರೀ 4 ಭಾಗ ಬೆಳಕನ್ನು ವಾಪಸ್ ಕಳಿಸುತ್ತದೆ, ಉಳಿದದ್ದು ಹೊರಗೆ. ಒಂದು ಸುತ್ತಿಗೆ 97 ನ್ಯಾನೊಸೆಕೆಂಡ್ ಬೇಕು. ಹಾಗಾಗಿ ಬೆಳಕು ಕ್ಯಾವಿಟಿಯೊಳಗೆ, ಅಂದರೆ ಎರಡು ಕನ್ನಡಿಗಳ ನಡುವೆ, ಉಳಿಯುವುದು ಸರಾಸರಿ 30 ನ್ಯಾನೊಸೆಕೆಂಡ್ ಅಷ್ಟೇ. ಅದನ್ನು 0.85 ಮಿಲಿಸೆಕೆಂಡಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ, 5 ಮೈಕ್ರೊಸೆಕೆಂಡ್. 6.28ರಿಂದ (ಎರಡು ಪೈ) ಗುಣಿಸಿದರೆ 32 ಮೈಕ್ರೊಸೆಕೆಂಡ್. ಪಂಪ್ ಹೊಸ್ತಿಲಿನ (ಲೇಸರ್ ಶುರುವಾಗುವ 1.2 ವ್ಯಾಟಿನ) ಎರಡರಷ್ಟಿದ್ದಾಗ ಲೇಸರಿನ ಸಹಜ ಜೋಲಿ ಇದು, ಸೆಕೆಂಡಿಗೆ 31 ಸಾವಿರ. ಬೇರೆ ಲೇಸರಿನಲ್ಲಿ ಸ್ವಿಚ್ ಹಾಕಿದಾಗ ಈ ಜೋಲಿ ನಾಲ್ಕು ಸಲ ಆಡಿ ಸುಮ್ಮನಾಗುತ್ತದೆ. ನಿಮ್ಮದರಲ್ಲಿ ಪ್ರತಿ ಸಲ ಹೊಸ ಮೋಡ್ ಸೊನ್ನೆಯಿಂದ ಶುರು ಮಾಡಬೇಕು. ಪ್ರತಿ ಸಲವೂ ಅದಕ್ಕೆ ಆಗಷ್ಟೇ ಸ್ವಿಚ್ ಹಾಕಿದ ಹಾಗೆ. ಅದಕ್ಕೇ ಪಲ್ಸ್ ನಿಲ್ಲುವುದಿಲ್ಲ. ಸರಿಯುವುದೂ ಪಲ್ಸ್ ಆಗುವುದೂ ಎರಡು ರೋಗ ಅಲ್ಲ, ಒಂದೇ.

ಗೈಡ್ ಸರ್ ಒಪ್ಪಬೇಕಲ್ಲ, ಅದಕ್ಕೊಂದು ಪರೀಕ್ಷೆ ಹೇಳುತ್ತೇನೆ. ಪಂಪನ್ನು 2.4ರಿಂದ 3.6 ವ್ಯಾಟಿಗೆ ಏರಿಸಿ. ಹೊಸ್ತಿಲಿನ ಮೂರರಷ್ಟು. ನನ್ನ ಲೆಕ್ಕ ಸರಿ ಇದ್ದರೆ ಪಲ್ಸ್ 30 ಸಾವಿರದಿಂದ 42 ಸಾವಿರಕ್ಕೆ ಹೋಗಬೇಕು. ಅಷ್ಟೇ ದೂರ ನಡೆಯಲು 5 ಸೆಕೆಂಡ್ ಬದಲು ಮೂರೂವರೆ ಸೆಕೆಂಡ್ ಸಾಕಾಗಬೇಕು. ಎರಡೂ ಒಂದೇ ಪ್ರಮಾಣದಲ್ಲಿ ಬದಲಾದರೆ ಬಿಸಿಲಿನ ವಾದ ಅಲ್ಲಿಗೆ ಮುಗಿಯಿತು. ಆದರೆ ಪಂಪ್ ಏರಿಸುವ ಮೊದಲು ಕೆಳಗೆ ಬರೆದದ್ದನ್ನು ಓದಿ.

ತರಂಗಾಂತರ ಅಳೆಯುವ ಸ್ಪೆಕ್ಟ್ರಮ್ ಅನಲೈಸರ್ ಬಗ್ಗೆ ಒಂದು ಮಾತು. ಆ ಪೆಟ್ಟಿಗೆಯೂ ತಾನೇ ನಿಧಾನಕ್ಕೆ ಸರಿಯುತ್ತ ಅಳೆಯುತ್ತದೆ. ನಿಮ್ಮ ಲೇಸರೂ ಸರಿಯುತ್ತದೆ. ಇಬ್ಬರೂ ನಡೆಯುತ್ತಿದ್ದರೆ ಒಮ್ಮೆ ಒಂದು ಗೆರೆ, ಒಮ್ಮೆ ಬಾಚಣಿಕೆ ಹಲ್ಲಿನ ಹಾಗೆ ಹತ್ತು ಗೆರೆ, ಒಮ್ಮೆ ಏನೂ ಇಲ್ಲ. ಅದನ್ನು ನೋಡಿ ಲೇಸರಿಗೆ ಹತ್ತು ತರಂಗಾಂತರ ಇದೆ ಎಂದು ಥೀಸಿಸ್‌ನಲ್ಲಿ ಬರೆದವರಿದ್ದಾರೆ. ನೀವು ಹೀಗೆ ಮಾಡಿ: ಅನಲೈಸರನ್ನು 1071ರಲ್ಲಿ ಕಟ್ಟಿ ಹಾಕಿ ಸಮಯದ ಜೊತೆ ನೋಡಿ. ಲೇಸರ್ ಆ ಬಾಗಿಲ ಮುಂದೆ ಹಾದು ಹೋದಾಗಲೆಲ್ಲ ಒಂದು ಉಬ್ಬು ಏಳುತ್ತದೆ, 5 ಸೆಕೆಂಡಿಗೊಂದು. ಆಮೇಲೆ ಗರಿಷ್ಠ ಹಿಡಿದಿಡುವ ಸೆಟ್ಟಿಂಗ್ ಹಾಕಿ ಹತ್ತು ನಿಮಿಷ ಬಿಡಿ. 1068ರಿಂದ 1074ರವರೆಗೆ ಚಪ್ಪಟೆ ಕಟ್ಟೆ ಮೂಡಿದರೆ ಅದೇ ನಿಮ್ಮ ಪುರಾವೆ.

ಈಗ ಗಂಭೀರ ವಿಷಯ. ಪಲ್ಸ್ ಅಂದ ತಕ್ಷಣ ಎಲ್ಲವೂ ಒಂದೇ ಅಲ್ಲ. ಅಂಗಡಿಯಲ್ಲಿ ಸ್ಟೀಲ್ ಪಾತ್ರೆ ಮೇಲೆ ಹೆಸರು ಬರೆಯುವ ಲೇಸರ್ ಮಷೀನೂ, ಸರಾಫ ಬಜಾರಿನಲ್ಲಿ ಚಿನ್ನದ ಮೇಲೆ ಆರು ಅಕ್ಷರದ ಹಾಲ್‌ಮಾರ್ಕ್ ಗುರುತಾದ ಎಚ್‌ಯುಐಡಿ ಹಾಕುವ ಮಷೀನೂ ಪಲ್ಸ್‌ನಲ್ಲೇ ಕೆಲಸ ಮಾಡುತ್ತವೆ. ಅವು ಬೇಕೆಂದೇ ಮಾಡಿದ, ಲಗಾಮು ಹಾಕಿದ ಪಲ್ಸ್. ನಿಮ್ಮ ಮೇಜಿನ ಮೇಲಿರುವುದಕ್ಕೆ ಲಗಾಮಿಲ್ಲ.

ಅದರಲ್ಲಿ ಮೂರು ಥರದ ಪಲ್ಸ್ ಏಳಬಹುದು. ಮೊದಲನೆಯದು ಮೇಲೆ ಹೇಳಿದ ಮೈಕ್ರೊಸೆಕೆಂಡ್ ಪಲ್ಸ್. ಪಾಪದ್ದು. ಎರಡನೆಯದು ಪಂಪ್ ತಲುಪದ ಬಾಲದಿಂದ ಹುಟ್ಟುವುದು. ನಿಮ್ಮ ಫೈಬರ್ ಮೀಟರಿಗೆ 2.5 ಡೆಸಿಬೆಲ್ ಪಂಪ್ ಹೀರುವಂಥದ್ದಾದರೆ 6 ಮೀಟರ್ ದಾಟುವಷ್ಟರಲ್ಲಿ ನೂರಕ್ಕೆ 3 ಭಾಗ ಪಂಪ್ ಉಳಿದಿರುತ್ತದೆ. ಕೊನೆಯ ಮೀಟರುಗಳ ಯಟರ್ಬಿಯಂ ಹಸಿದು ಕೂತಿರುತ್ತದೆ, ಲೇಸರ್ ಬೆಳಕನ್ನೇ ನುಂಗುತ್ತದೆ. ಹೊಟ್ಟೆ ತುಂಬಿದ ಕೂಡಲೇ ದಾರಿ ಬಿಡುತ್ತದೆ. ಗೇಟ್ ಮುಚ್ಚಿ ತೆರೆದ ಹಾಗಾಗಿ ಪಲ್ಸ್ ಏಳುತ್ತದೆ. ಇದು ಹೊಸ್ತಿಲಿನ ಹತ್ತಿರ ಜಾಸ್ತಿ, ಪಂಪ್ ಏರಿಸಿದಂತೆ ತಗ್ಗುತ್ತದೆ. ಫೈಬರ್ ಕತ್ತರಿಸಿ ಗಿಡ್ಡ ಮಾಡಿದರೆ, ಇಲ್ಲವೇ ಎರಡೂ ಕಡೆಯಿಂದ ಪಂಪ್ ಕೊಟ್ಟರೆ ಹೋಗುತ್ತದೆ.

ಮೂರನೆಯದು ಬ್ರಿಲುವಾನ್ ಪಲ್ಸ್. ಇದಕ್ಕೆ ಹೆದರಬೇಕು. ಸಣ್ಣ ಗೆರೆಯ ಜೋರು ಬೆಳಕು ಗಾಜಿನೊಳಗೆ ಶಬ್ದದ ಅಲೆ ಎಬ್ಬಿಸುತ್ತದೆ. ಆ ಅಲೆ ಬೆಳಕನ್ನು ಕನ್ನಡಿಯ ಹಾಗೆ ಹಿಂದಕ್ಕೆ ತಳ್ಳುತ್ತದೆ. ಫೈಬರಿನಲ್ಲಿ ಕೂಡಿಟ್ಟ ಶಕ್ತಿ ಎಲ್ಲಾ ಕೆಲವೇ ನ್ಯಾನೊಸೆಕೆಂಡಿನಲ್ಲಿ ಹೊರಗೆ ನುಗ್ಗುತ್ತದೆ. ನಿಮ್ಮ 700 ಮಿಲಿವ್ಯಾಟನ್ನು 30 ಸಾವಿರ ಪಲ್ಸಿಗೆ ಹಂಚಿದರೆ ಒಂದಕ್ಕೆ 23 ಮೈಕ್ರೊಜೂಲ್. ಅದು 2 ಮೈಕ್ರೊಸೆಕೆಂಡಿನಲ್ಲಿ ಬಂದರೆ 12 ವ್ಯಾಟ್, ಗಾಜಿಗೆ ಗೊತ್ತೂ ಆಗುವುದಿಲ್ಲ. ಅದೇ 10 ನ್ಯಾನೊಸೆಕೆಂಡಿನಲ್ಲಿ ಬಂದರೆ 2,300 ವ್ಯಾಟ್. 6 ಮೈಕ್ರಾನಿನ ಕೋರ್ ಮೇಲೆ ಇದು ಚದರ ಸೆಂಟಿಮೀಟರಿಗೆ 800 ಕೋಟಿ ವ್ಯಾಟ್ ಆಯಿತು. ತುದಿಯಲ್ಲಿ ಒಂದು ಕಣ ಧೂಳಿದ್ದರೂ ಸಾಕು.

ನಾನು ಇದನ್ನು ಪುಸ್ತಕ ಓದಿ ಕಲಿತದ್ದಲ್ಲ. ಕಲಿಯುವ ಕಾಲದಲ್ಲಿ ಒಂದು ಲ್ಯಾಬಿನಲ್ಲಿ ಸಂಜೆ ಒಬ್ಬನೇ ಕೂತು ಪಂಪ್ ನಾಬ್ ತಿರುಗಿಸುತ್ತ ಹೋದೆ. ಸ್ಕೋಪಿನಲ್ಲಿ ಮೆತ್ತನೆ ದಿಬ್ಬಗಳು ಕಾಣುತ್ತಿದ್ದವು, ಎಲ್ಲಾ ಸರಿ ಇದೆ ಅಂದುಕೊಂಡೆ. ಟಿಕ್ ಅಂತ ಒಂದು ಸಣ್ಣ ಸದ್ದು. ಉಗುರಿನಿಂದ ಮೇಜು ತಟ್ಟಿದ ಹಾಗೆ, ಅಷ್ಟೇ. ಪವರ್ ಮೀಟರ್ ಸೊನ್ನೆಗೆ ಬಿತ್ತು. ಮೈಕ್ರೋಸ್ಕೋಪಿನಡಿ ಫೈಬರ್ ತುದಿ ನೋಡಿದರೆ ನಡುವೆ ಸುಟ್ಟ ಕುಳಿ, ಸುತ್ತ ಒಡೆದ ಗಾಜು. ಹಿಂದಕ್ಕೆ ಹೋದ ಪಲ್ಸ್ ಪಂಪ್ ಡಯೋಡನ್ನೂ ಮುಗಿಸಿತ್ತು. ಹೊಸ ಡಯೋಡ್ ಬರಲು ಮೂರು ತಿಂಗಳು ಹಿಡಿಯಿತು, ಬೈಗುಳ ಮಾತ್ರ ಅದೇ ದಿನ ಬಂತು.

ದಿಬ್ಬಗಳು ಯಾಕೆ ಮೆತ್ತಗೆ ಕಂಡವು ಗೊತ್ತಾ? ಸ್ಕೋಪಿನ ಇನ್‌ಪುಟ್ 1 ಮೆಗಾಓಮ್‌ನಲ್ಲಿತ್ತು. ಒಂದು ಮೀಟರ್ ಕೇಬಲ್ಲಿಗೆ ಸುಮಾರು 100 ಪಿಕೊಫ್ಯಾರಡ್ ಇರುತ್ತದೆ. ಎರಡನ್ನೂ ಗುಣಿಸಿದರೆ 100 ಮೈಕ್ರೊಸೆಕೆಂಡ್. ಅದಕ್ಕಿಂತ ಚುರುಕಾದ ಏನೇ ಬಂದರೂ ಹಿಟ್ಟು ಕಲಸಿದ ಹಾಗೆ ಒಂದಾಗಿ ಕಾಣುತ್ತದೆ. 50 ಓಮ್ ಹಾಕಿದರೆ 5 ನ್ಯಾನೊಸೆಕೆಂಡ್. ಸಿಗ್ನಲ್ ಸಣ್ಣದಾಗುತ್ತದೆ, ಆದರೆ ನಿಜ ಹೇಳುತ್ತದೆ. ಕಾಂಚಾಣದ ಕೆಲಸವೂ ಅಲ್ಲ, ಪುಟ್ಟ ಟರ್ಮಿನೇಟರ್ ಒಂದು ಸಾಕು.

ಬ್ರಿಲುವಾನ್ ಬಂತೋ ಇಲ್ಲವೋ ಗುರುತಿಸುವುದು ಸುಲಭ. ಸೆಲ್ಫ್ ಸ್ವೀಪಿಂಗ್ ಪಲ್ಸ್‌ಗಳು ಅಣ್ಣತಮ್ಮಂದಿರ ಹಾಗೆ, ಎತ್ತರ ಸುಮಾರು ಒಂದೇ, ಅಂತರವೂ ಒಂದೇ. ಬ್ರಿಲುವಾನ್ ಪಲ್ಸ್ ಹೇಳಿ ಕೇಳಿ ಬರುವುದಿಲ್ಲ. ಮೆತ್ತನೆ ದಿಬ್ಬದ ತಲೆ ಮೇಲೆ ಸೂಜಿಯಂಥ ಮೊನೆಗಳು, ಒಂದು ಗಿಡ್ಡ, ಒಂದು ಸ್ಕೋಪಿನ ಪರದೆ ದಾಟುವಷ್ಟು ಎತ್ತರ. ಅಂಥ ಒಂದು ಮೊನೆ ಕಂಡರೂ ನಾಬ್ ಹಿಂದಕ್ಕೆ ತಿರುಗಿಸಿ, ಆಮೇಲೆ ಯೋಚಿಸಿ. ಇನ್ನೊಂದು: 1 ಮೈಕ್ರಾನಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ರೆಟಿನಾಕ್ಕೆ ಮಾತ್ರ ನೇರ ಹೋಗುತ್ತದೆ. ಕನ್ನಡಕ ಹಾಕದೆ ತುದಿಯ ಹತ್ತಿರ ಬಗ್ಗಬೇಡಿ. ಸೆಕೆಗೆ ಕನ್ನಡಕ ಮಂಜಾಗುತ್ತದೆ ಅನ್ನುವುದು ನೆಪ.

ಸರಿ, ನಿಲ್ಲಿಸುವುದು ಹೇಗೆ? ನಿಮಗೆ ಒಂದೇ ತರಂಗಾಂತರ ಬೇಕಿದ್ದರೆ ಲೂಪ್ ಕನ್ನಡಿ ತೆಗೆದು ಸಣ್ಣ ಪಟ್ಟಿಯ ಫೈಬರ್ ಬ್ರ್ಯಾಗ್ ಗ್ರೇಟಿಂಗ್ (ಒಂದೇ ಬಣ್ಣವನ್ನು ವಾಪಸ್ ಕಳಿಸುವ, ಫೈಬರಿನೊಳಗಿನ ಕನ್ನಡಿ) ಹಾಕಿ. ಲೂಪ್ ಕನ್ನಡಿ ಎಲ್ಲಾ ಬಣ್ಣಕ್ಕೂ ಬಾಗಿಲು ತೆರೆದಿರುತ್ತದೆ, ಅದಕ್ಕೇ ಲೇಸರಿಗೆ ಓಡಾಡಲು ಬಯಲು ಸಿಕ್ಕಿದೆ. ಗ್ರೇಟಿಂಗ್ 0.2 ನ್ಯಾನೊಮೀಟರಿನದಾದರೆ ಅದರಾಚೆ ಕನ್ನಡಿಯೇ ಇಲ್ಲ. ಇನ್ನೂ ಪಕ್ಕಾ ಬೇಕಿದ್ದರೆ ಫೈಬರನ್ನು ಉಂಗುರ ಮಾಡಿ, ಒಳಗೆ ಐಸೊಲೇಟರ್ ಇಡಿ. ಬೆಳಕು ಒಂದೇ ದಿಕ್ಕಿಗೆ ಸುತ್ತಿದರೆ ನಿಂತ ಅಲೆ ಇಲ್ಲ, ಸಾಲಿಲ್ಲ, ಗುಂಡಿ ಇಲ್ಲ. ಐಸೊಲೇಟರ್ ಮರೆತರೆ ಉಂಗುರದಲ್ಲೂ ಎರಡು ಕಡೆಯಿಂದ ಬೆಳಕು ಎದುರಾಗಿ ಮತ್ತೆ ಅದೇ ಸಾಲು ಬೀಳುತ್ತದೆ. ಉಂಗುರದಿಂದ ಹೊರಗೆ ಬೆಳಕು ಒಯ್ಯುವ ಫೈಬರಿನ ಕೊನೆಯನ್ನು ಮಾತ್ರ 8 ಡಿಗ್ರಿ ಓರೆಯಾಗಿ ಕ್ಲೀವ್ ಮಾಡಿ, ಅಲ್ಲಿಂದ ವಾಪಸ್ ಬರುವುದು ನಿಲ್ಲುತ್ತದೆ.

ಆದರೆ ನನ್ನನ್ನು ಕೇಳಿದರೆ, ನಿಲ್ಲಿಸಬೇಡಿ. ಮೋಟಾರ್, ಪೀಜೋ ಎಲ್ಲಾ ಇಟ್ಟು ಸರಿಯುವ ಲೇಸರ್ ಕೊಳ್ಳಲು ಹೋದರೆ ನಿಮ್ಮ ಇಲಾಖೆಯ ಗ್ರಾಂಟ್ ಮುಗಿಯುತ್ತದೆ. ನಿಮ್ಮ ಹತ್ತಿರ ಪುಕ್ಕಟೆ ಸರಿಯುವ ಲೇಸರ್ ಇದೆ, ಅದರ ಒಂದೊಂದು ಪಲ್ಸೂ ಹೆಚ್ಚುಕಡಿಮೆ ಒಂದೇ ಮೋಡ್. ಗ್ರೇಟಿಂಗ್ ಸೆನ್ಸರುಗಳನ್ನು ಓದಲು ಇದು ಸಾಕು. ಫೈಬರ್ ಕಪ್ಲರ್, ಫಿಲ್ಟರುಗಳ ಗುಣ ಅಳೆಯಲೂ ಆಗುತ್ತದೆ. ಪ್ರತಿ ಪಲ್ಸ್ ಎಣಿಸುತ್ತ ಹೋದರೆ ತರಂಗಾಂತರದ ಅಳತೆಗೋಲು ನಿಮ್ಮ ಕೈಯಲ್ಲೇ ಇದೆ, ಒಂದು ಎಣಿಕೆಗೆ 10 ಮೆಗಾಹರ್ಟ್ಸ್. ಇದೇ ಆಟವನ್ನು ಥೂಲಿಯಂ ಫೈಬರಿನಲ್ಲಿ 1.9 ಮೈಕ್ರಾನ್ ಹತ್ತಿರವೂ ಆಡಿಸಿದ್ದಾರೆ. ಅಲ್ಲಿ ಗಾಳಿಯ ನೀರಾವಿ ಬೆಳಕು ಹೀರುತ್ತದೆ, ಹಾಗಾಗಿ ಅನಿಲ ಅಳೆಯುವ ಕೆಲಸಕ್ಕೆ ಬರುತ್ತದೆ.

ಈ ವಾರ ಎರಡೇ ಕೆಲಸ ಮಾಡಿ. ಸ್ಕೋಪಿಗೆ 50 ಓಮ್ ಹಾಕಿ ಈಗಿನ 2.4 ವ್ಯಾಟಿನಲ್ಲೇ ಒಂದು ಪಲ್ಸನ್ನು ಹಿಗ್ಗಿಸಿ ಚಿತ್ರ ತೆಗೆಯಿರಿ. ಅದರ ಮೇಲೆ ಸೂಜಿಮೊನೆ ಇಲ್ಲ ಎಂದಾದರೆ ಮಾತ್ರ 3.6ಕ್ಕೆ ಏರಿಸಿ, ಹತ್ತು ಸಲ ಗಡಿಯಾರ ಹಿಡಿದು ಸಮಯ ಬರೆಯಿರಿ. ಮೇಜನ್ನು ಯಾರೂ ತಟ್ಟದ ಹಾಗೆ ನೋಡಿಕೊಳ್ಳಿ, ಅಲುಗಾಡಿದರೆ ಸಾಲುಗಳು ಕದಡಿ ನಡಿಗೆ ತಪ್ಪುತ್ತದೆ. ಎರಡೂ ಚಿತ್ರ ಗೈಡ್ ಸರ್‌ಗೆ ತೋರಿಸಿದ ಮೇಲೆ ನನಗೂ ಕಳಿಸಿ. ಅಲ್ಲಿಯವರೆಗೆ ಫೈಬರಿಗೆ ಕತ್ತರಿ ಹಾಕಬೇಡಿ.